ಸರದಿ ಜಿಗಿದ ಅಕ್ಕೋರು

ನಮ್ಮ ಇಂಗ್ಲಿಷ್ ಅಕ್ಕೋರ ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕುಳಿತಿತ್ತು. ಅದು ಇಡೀ ತರಗತಿಗೆ ಗೊತ್ತಿತ್ತು. ಕ್ರಿಯಾಪದ ಕಲಿಸುವಾಗ ಅವರು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಬೋರ್ಡಿನ ಮುಂದಿನ ಕಟ್ಟೆಯಿಂದ ಧೊಪ್ಪೆಂದು ಜಿಗಿಯುತ್ತಿದ್ದರು. "ಇದು ಜಂಪ್ ಆಫ್" ಎನ್ನುವರು. ನೆಲಕ್ಕಿಟ್ಟ ಕೊಡೆಯನ್ನು ದಾಟಿ ಜಿಗಿದರೆ ಜಂಪ್ ಓವರ್. ಒಳ್ಳೆಯ ಅವಕಾಶವನ್ನು ಹಿಂದೆಮುಂದೆ ನೋಡದೆ ಒಪ್ಪಿಕೊಂಡರೆ ಜಂಪ್ ಅಟ್.

'ಜಂಪ್ ದ ಕ್ಯೂ' ಬಂದ ದಿನ ಮಾತ್ರ ಅವರು ಜಿಗಿಯಲಿಲ್ಲ. ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಿಂದಿನಿಂದ ನಡೆದು ಬಂದು ಎಲ್ಲರ ಮುಂದೆ ನಿಂತರು.

"ಇದಕ್ಕ ಕಾಲು ಎತ್ತೋದು ಬೇಕಾಗಿಲ್ಲ. ಸುಮ್ಮ ನಡಕೋತ ಮುಂದ ಹೋದ್ರೂ ಜಿಗದಂಗ."

ಹೊಳೆಆಲೂರಿನಲ್ಲಿ ನಿವೃತ್ತರಾದ ಮೇಲೆ ಅವರು ರೋಣಕ್ಕೆ ಬಂದು ನಮ್ಮ ಓಣಿಯಲ್ಲೇ ಮನೆ ಮಾಡಿದರು. ಮೊಣಕಾಲು ಹಿಡಿದುಕೊಂಡಿದ್ದವು. ಒಂದು ಬೆಳಿಗ್ಗೆ ಅವರ ಜೊತೆ ನಾನೂ ಖಾಸಗಿ ದವಾಖಾನೆಗೆ ಹೋದೆ. ಹೊರಗಿನ ಬೆಂಚುಗಳು ತುಂಬಿದ್ದವು. ಅಲ್ಲಿನ ಕಂಪೌಂಡರ್ ಅಕ್ಕೋರ ಹಳೆಯ ವಿದ್ಯಾರ್ಥಿ. ಕಂಡವನೇ ಎದ್ದು ಬಂದ.

"ಅಕ್ಕೋರ, ನೀವ್ಯಾಕ ಹೊರಗ ಕುಂದರ್ತೀರಿ? ಒಳಗ ಬರ್ರಿ."

ಅಕ್ಕೋರು ಒಂದು ಗಳಿಗೆ ತಡೆದರು. ಆಮೇಲೆ ಅವನ ಹಿಂದೆ ನಡೆದರು. ಡಾಕ್ಟರು ಕಾಲು ನೋಡಿ, ಊರಿನ ಸುದ್ದಿ ಕೇಳಿ, ಚಹಾ ತರಿಸಿದರು. ಅಷ್ಟರಲ್ಲಿ ಫೋನ್ ಬಂತು. ಎಲ್ಲೋ ಹೆರಿಗೆ ಕಷ್ಟವಾಗಿದೆಯೆಂದು ಡಾಕ್ಟರು ಹಾಗೇ ಕಾರು ಹತ್ತಿ ಹೋದರು.

ನಾವು ಹೊರಗೆ ಬಂದಾಗ, ಬೆಂಚಿನ ತುದಿಯಲ್ಲಿ ಕುಳಿತಿದ್ದ ಹೆಣ್ಣುಮಗಳು ಚೀರಿದಳು. ಮುಶಿಗೇರಿಯಿಂದ ಬಂದ ಕೂಲಿಯಾಕೆ. ಒಳಗೆ ಹೋಗುವ ಸರದಿ ಅವಳದಾಗಿತ್ತು. ಮಡಿಲಲ್ಲಿದ್ದ ಕೂಸಿನ ಕೈಕಾಲು ಜ್ವರಕ್ಕೆ ಸೆಟೆದುಕೊಂಡು ನಡುಗುತ್ತಿದ್ದವು. ಯಾರೋ ಟೆಂಪೋ ನಿಲ್ಲಿಸಿದರು. ಕರೆಯದಿದ್ದರೂ ಅಕ್ಕೋರು ಹತ್ತಿದರು. ನಾನೂ ಹತ್ತಿದೆ. ಗದಗಿನ ದೊಡ್ಡ ದವಾಖಾನೆ ಮುಟ್ಟುವವರೆಗೆ ಅವರು ಕೂಸಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಲೇ ಇದ್ದರು. ತಾಯಿಯ ಮುಖ ನೋಡಲಿಲ್ಲ.

ಕೂಸು ಉಳಿಯಿತು. "ಇನ್ನ ಚಿಂತಿ ಬಿಡ್ರಿ ಅಕ್ಕೋರ" ಎಂದು ಕಂಪೌಂಡರ್ ಮನೆಗೇ ಬಂದು ಹೇಳಿದ. ಅಕ್ಕೋರು ಬಿಡಲಿಲ್ಲ. ಓಣಿಯ ಮಕ್ಕಳಿಗೆ ಪಾಠ ಹೇಳುವುದನ್ನೂ ನಿಲ್ಲಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಒಳಗೇ ಕೂತರು. ಕೊನೆಗೆ ಒಂದು ದಿನ, "ಮುಶಿಗೇರಿಗೆ ಹೋಗೂಣು ನಡಿ" ಎಂದರು.

ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು. ಅಕ್ಕೋರು ಕೈ ಮುಗಿದು ನಿಂತೇ ಹೇಳಿದರು, "ನಿನ್ನ ಪಾಳಿ ನಾ ಕಸಗೊಂಡೆ, ತಂಗಿ."

"ನಿಮ್ಮನ್ನ ಒಳಗ ಕರದಾಗ ನನ್ನ ಕೂಸು ಅಳಾಕತ್ತಿತ್ತು" ಎಂದಳು ಆಕೆ. "ನಿಮಗ ಕೇಳಿಸ್ಲಿಲ್ಲೇನ್ರಿ?"

ಕೇಳಿಸಲಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಹಾಗೇ ಹೇಳಲಿ ಎಂದು ನಾನು ಬಯಸುತ್ತಿದ್ದೆ. ಅಕ್ಕೋರು ಮೊದಲ ಸಲ ಆಕೆಯ ಮುಖ ನೋಡಿದರು.

"ಕೇಳಿಸಿತ್ತವ್ವಾ" ಎಂದರು.

ಆಕೆ ಮತ್ತೆ ಮೊರ ಕೈಗೆತ್ತಿಕೊಂಡಳು. ಕುಳಿತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕೋರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತರು.

ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಅಂಗಳದ ತುಂಬ ಹಳೆಯ ವಿದ್ಯಾರ್ಥಿಗಳಿದ್ದರು. ಮುಶಿಗೇರಿಯ ಆ ಹೆಣ್ಣುಮಗಳು ಅಂದು ಕೂಸಾಗಿದ್ದ ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಯಾರು ಹೇಳಿದರೋ ಗೊತ್ತಿಲ್ಲ. ಅಕ್ಕೋರ ಪಾದ ಮುಟ್ಟಿ ನಮಸ್ಕರಿಸಿ ಎದ್ದು, ನನ್ನ ಹತ್ತಿರ ಬಂದು ನಿಂತಳು.

"ನನಗ ಸಿಟ್ಟು ಇನ್ನೂ ಪೂರಾ ಹೋಗಿಲ್ರಿ" ಎಂದಳು. "ಆದ್ರ ನನ್ನಂಥಾಕಿ ಮುಂದ ಖರೇ ಹೇಳಿದೋರು ಅವರೊಬ್ರೇ."