ಅಮ್ಮನ ದನಿಯಲ್ಲಿ ಕೂಗುವ ಕಾದಂಬರಿ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಮಧುಗಿರಿಯ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿ ಪಾಸಾದವಳು. ಕೊಡಿಗೇನಹಳ್ಳಿ ಹತ್ತಿರದ ನಮ್ಮೂರಿನ ಪಂಚಾಯಿತಿ ಗ್ರಂಥಾಲಯ ನನ್ನ ಕೈಗೆ ಬಂದಾಗ ಆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು. ಯಾವ ಮಗು ಬಂದು ನಿಂತರೂ ಮುಖ ನೋಡಿ ಮಕ್ಕಳ ಕಾದಂಬರಿಯೊಂದನ್ನು ಎತ್ತಿ ಕೊಡುತ್ತಿದ್ದೆ. "ಮಿಸ್, ಇದೆಲ್ಲ ನೀವು ಓದಿದ್ದೀರಾ?" ಎಂದರೆ, "ಓದದೆ ಕೊಡ್ತೀನಾ?" ಎನ್ನುತ್ತಿದ್ದೆ. ಅರ್ಧ ಓದಿ ಕೊಟ್ಟದ್ದೂ ಉಂಟು.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಭಯ ಆಗುವಂಥದ್ದು ಬೇಕು ಎಂದಳು. ಹೊಸದಾಗಿ ಬಂದಿದ್ದ ಒಂದನ್ನು ಕೊಟ್ಟೆ. ನಮ್ಮ ಕಡೆ ಮಟಮಟ ಮಧ್ಯಾಹ್ನ ಹೊರಗಿನಿಂದ ಯಾರಾದರೂ ಕರೆದರೆ ಮೂರನೇ ಕೂಗಿನ ತನಕ ಓಗೊಡುವುದಿಲ್ಲ. ದೆವ್ವಕ್ಕೆ ಮೂರು ಸಲ ಕೂಗಲು ಬರುವುದಿಲ್ಲ ಎಂಬ ನಂಬಿಕೆ. ಆ ಕಾದಂಬರಿಯಲ್ಲಿ ಪಾಳುಬಾವಿಯ ದನಿ ಅದನ್ನೂ ಕಲಿತುಬಿಟ್ಟಿರುತ್ತದೆ. ಅಮ್ಮನ ದನಿಯಲ್ಲೇ ಮೂರು ಸಲ ಕೂಗುತ್ತದೆ. ಅವಳಿಗೆ ಕೊಡುವಾಗ ನಾನು ಓದಿದ್ದು ಅದಕ್ಕಿಂತ ಹಿಂದಿನ ಪುಟದವರೆಗೆ ಮಾತ್ರ.

ವಾರ ಕಳೆದು ಒಂದು ಶನಿವಾರ, ಊಟದ ಹೊತ್ತಿಗೆ, ಅವಳ ತಾಯಿ ಮಗಳ ರಟ್ಟೆ ಹಿಡಿದುಕೊಂಡು ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಏನ್ ಪುಸ್ತಕ ಕೊಟ್ಟೆ ಕಣಮ್ಮ? ಪಾಪಾ ಪಾಪಾ ಅಂತ ಗಂಟ್ಲು ಹರ್ಕೊಂಡು ಕೂಗಿದ್ರೂ ಓ ಅನ್ನಾಕಿಲ್ಲ. ರಾಗಿ ಡ್ರಮ್ಮಿನ ಹಿಂದೆ ಮುದುರ್ಕೊಂಡು ಕುಂತಿರ್ತಾಳೆ. ಹೆತ್ತೋಳ್ನೇ ದೆವ್ವ ಮಾಡ್ಬುಟ್ಟೆ!"

"ಪುಸ್ತಕದಾಗೂ ನಿನ್ನಂಗೇ ಕೂಗ್ತದೆ" ಎಂದಳು ಮಗಳು.

"ಕೇಳ್ದಾ ಮಾತು? ಇನ್ಮ್ಯಾಕೆ ಇವ್ಳಿಗೆ ಒಂದು ಪುಸ್ತಕಾನೂ ಕೊಡಬ್ಯಾಡ. ಇತ್ತಾಗೆ ಬಂದ್ರೆ ಕಾಲು ಮುರೀತೀನಿ."

ಹುಡುಗಿ ನನ್ನ ಕಡೆ ತಿರುಗಿದಳು. "ಕೊನೇಲಿ ಏನಾಯ್ತದೆ ಮಿಸ್? ನಂಗೆ ಮುಂದಕ್ಕೆ ಓದಾಕೆ ಭಯ. ನೀವು ಓದೀನಿ ಅಂದಿದ್ರಲ್ಲ."

"ನಾನೂ ಪೂರ್ತಿ ಓದಿಲ್ಲ" ಎಂದೆ.

ತಾಯಿ ನಕ್ಕೇಬಿಟ್ಟರು. "ಡಿಗ್ರಿ ಮಾಡೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯ!"

ಮುಖ ಸುಟ್ಟಂತಾಯಿತು. "ಕೂತ್ಕೋ ಅಕ್ಕ. ಈಗ್ಲೇ ಓದ್ತೀನಿ, ಮೂರು ಜನವೂ ಕೇಳಣ. ಆಮೇಲೆ ನೀನು ಹೆಂಗಂತೀಯೋ ಅಂಗೆ."

ಆ ತಾಯಿಗೆ ಓದು ಬಾರದು. ಮಗಳನ್ನು ಪಕ್ಕಕ್ಕೆಳೆದುಕೊಂಡು ಗೋಡೆಗೆ ಒರಗಿ ಕೂತರು. ಕರೆಂಟಿರಲಿಲ್ಲ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಹುಡುಗಿ ನಿಲ್ಲಿಸಿದ್ದ ಪುಟದಿಂದ ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಕಾದಂಬರಿಯ ಹುಡುಗಿ ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಹೊರಗೆ ಯಾರೋ ಕೂಗಿದರು.

"ಪಾಪಾ, ಬಾರೇ ಉಣ್ಣಾಕೆ."

ತಲೆ ಎತ್ತಿದೆ. ಅದು ನನ್ನೆದುರು ಕೂತಿದ್ದ ತಾಯಿಯ ದನಿ. ಕೊನೆಯ ಅಕ್ಷರ ಎಳೆಯುವ ರೀತಿಯೂ ಅದೇ. ಅವರ ತುಟಿ ಅಲುಗಿರಲಿಲ್ಲ. ಎರಡನೇ ಕೂಗು ಕಿಟಕಿಯ ಹತ್ತಿರ ಕೇಳಿತು. ಮೂರನೆಯದು ಬಾಗಿಲ ಹೊರಗೇ.

ಬಾಗಿಲು ತೆರೆದೇ ಇತ್ತು. ಹೊಸ್ತಿಲಾಚೆ ಬಿಸಿಲು ಬಿಟ್ಟರೆ ಏನೂ ಕಾಣಲಿಲ್ಲ. ಯಾವುದೋ ಮನೆಯ ಹೆಂಗಸು ತನ್ನ ಮಗುವನ್ನು ಕರೆದಿರಬಹುದು. ಊರಲ್ಲಿ ಪಾಪಾ ಅನ್ನಿಸಿಕೊಳ್ಳುವವರು ಹತ್ತಾರು ಜನ. ಆದರೂ ಎದ್ದು ನೋಡುವ ಧೈರ್ಯ ನನಗೆ ಬರಲಿಲ್ಲ.

ಹುಡುಗಿ ತಾಯಿಯ ಗಲ್ಲ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು.

"ಅಮ್ಮಾ" ಎಂದಳು.

"ಓ" ಎಂದರು ತಾಯಿ. ಆಮೇಲೆ ನನ್ನನ್ನು ಕೇಳಿದರು, "ಇನ್ನೂ ಎಷ್ಟು ಹಾಳೆ ಐತೆ?"

"ಹನ್ನೆರಡು."

"ಓದಮ್ಮ, ನಿಲ್ಲಿಸ್ಬ್ಯಾಡ. ಇದು ಇವ್ಳೊಬ್ಳೇ ಓದೋ ಪುಸ್ತಕ ಅಲ್ಲ. ಇನ್ಮ್ಯಾಕೆ ಇವ್ಳ ಜೊತೆ ನಾನೂ ಬತ್ತೀನಿ."

ಪುಟ ತಿರುಗಿಸಿದೆ. ಮುಂದಿನ ಸಾಲು ಏನೆಂದು ನನಗೂ ಗೊತ್ತಿರಲಿಲ್ಲ.