ಡೀಕನ್ ಹೆಂಡತಿ ಹಾಕಿದ ಸಹಿ

ಮಾನ್ವಿಯ ಕ್ಯಾಥೊಲಿಕ್ ಚರ್ಚಿನಲ್ಲಿ ನನ್ನ ಮಗಳ ಮದುವೆ ನಡೆಸಲು ನಿಂತವರ ಬೆರಳಲ್ಲಿ ಮದುವೆಯುಂಗುರವಿತ್ತು. ಬೀಗರು ಮುಂಬೈಯಿಂದ ಕರೆತಂದ ಡೀಕನ್ ಅವರು. ನಮ್ಮ ಫಾದರ್‌ಗಳು ಮದುವೆಯಾಗುವಂತಿಲ್ಲ; ಪೂಜಾವಸ್ತ್ರ ತೊಟ್ಟ ಇವರಿಗೆ ಹೆಂಡತಿಯೇ? ಈ ಮದುವೆ ನಾಳೆ ಊರ್ಜಿತವಾಗದಿದ್ದರೆ? ಅನುಮಾನದಲ್ಲಿ ನನಗೆ ಪ್ರಾರ್ಥನೆಯೂ ಕೇಳಿಸಲಿಲ್ಲ.

ಊಟದ ಪಂಕ್ತಿಯಲ್ಲಿ ಅವರ ಹೆಂಡತಿಯೇ ಎದುರಿಗೆ ಕೂತರು. ದೇವದುರ್ಗದ ಹೆಣ್ಣುಮಗಳು. ನೇರವಾಗಿಯೇ ಕೇಳಿದೆ: "ಮದುವಿ ಮಾಡ್ಸಾಕ ಇವರಿಗೆ ಅಧಿಕಾರ ಅದ ಏನ್ರಿ?"

"ಅದ ರೀ ಅಣ್ಣಾರ. ಡೀಕನ್ ಅಂದ್ರ ಫಾದರ್‌ಗಿಂತ ಒಂದು ಮೆಟ್ಟಲ ಕೆಳಗ. ಮದುವಿ ಆದವರೂ ಆಗಬಹುದು, ಹೆಂಡತಿ ಒಪ್ಪಿ ಸಹಿ ಹಾಕಬೇಕು. ನಾನು ಹಾಕೀನಿ. ನಾಳೆ ನಾ ಸತ್ರೂ ಇವರು ಮತ್ತ ಮದುವಿ ಆಗಂಗಿಲ್ಲ."

ಮಗಳ ತಾಯಿ ತೀರಿ ಆರು ತಿಂಗಳಿಗೇ ಮರುಮದುವೆಯಾದವನು ನಾನು. ಉಂಗುರವಿದ್ದ ಕೈಯನ್ನು ಮೆಲ್ಲಗೆ ಎಲೆಯ ಬಳಿಯಿಂದ ಕೆಳಗಿಳಿಸಿದೆ.