ಮಾತಿನ ಬಾಯಿ

ದಿನಾ ಸಂಜೆ ಹಾಲಿನ ಅಂಗಡಿಯವರನ್ನು ನಾನೊಂದು ಬೇಡದ ಪ್ರಶ್ನೆ ಕೇಳುತ್ತೇನೆ: ಇದು ಎಮ್ಮೆಯದೋ, ಆಕಳದೋ? ಆರು ವರ್ಷದಿಂದ ಉತ್ತರ ಎಮ್ಮೆಯದೇ. ಆದರೂ ಕೇಳುತ್ತೇನೆ. ಕೊಲ್ಹಾಪುರದ ನನ್ನ ಬಾಡಿಗೆ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಆಮೇಲೆ ಕೇಳಲು ಯಾರೂ ಇಲ್ಲ.

ತಮಾಷೆಯೆಂದರೆ, ನನ್ನ ಕಸುಬೇ ಮಾತಾಡಿಸುವುದು. ಗಡಹಿಂಗ್ಲಜ ಕಡೆಯ ಕನ್ನಡದವಳು ನಾನು, ಇಚಲಕರಂಜಿಯ ಒಂದು ಮರಾಠಿ ಶಾಲೆಯಲ್ಲಿ ಸ್ಪೀಚ್ ಥೆರಪಿಸ್ಟ್. ಅಲ್ಲಿ ಮಕ್ಕಳು ಟೀಚರಿಗೆ ‘ಬಾಯಿ’ ಎನ್ನುತ್ತಾರೆ. ನನ್ನ ಕಿವಿಗೆ ಅದು ಪದವಿಯಲ್ಲ, ಅವಯವ. ಮಾತು ಬಲ್ಲವರಿಗೆ ಜಗಳವಿಲ್ಲ ಅಂತಾರೆ. ಖರೆ, ಜಗಳಕ್ಕೂ ಎದುರಿಗೊಬ್ಬರು ಬೇಕಲ್ಲ.

ಕಳೆದ ವರ್ಷ ಎರಡನೇ ಇಯತ್ತೆಯ ಪದ್ಮಾ ಎಂಬ ಹುಡುಗಿಯನ್ನು ನನ್ನ ಬಳಿ ಕಳಿಸಿದರು. ಶಾಲೆಗೆ ಸೇರಿ ವರ್ಷವಾದರೂ ಒಂದಕ್ಷರ ಆಡಿರಲಿಲ್ಲ. ಮಕ್ಕಳು ‘ಮೂಕಿ’ ಅನ್ನುತ್ತಿದ್ದರು. ಹೀಗೇ ಇದ್ದರೆ ಬೇರೆ ಶಾಲೆ ನೋಡಿಕೊಳ್ಳಲಿ ಎಂದರು ಮುಖ್ಯಾಧ್ಯಾಪಕಿ. ಶಾಲೆಗೆ ಸೇರಿಸಿದಾಗಿನ ಕಾಗದದಲ್ಲಿ ಮನೆಮಾತು ಮರಾಠಿ ಎಂದಿತ್ತು. ಆಟದ ಸಾಮಾನಿನ ಖೋಲಿಯಲ್ಲಿ, ಗಾಳಿ ಹೋದ ಫುಟ್‌ಬಾಲುಗಳ ನಡುವೆ ಕೂತು ನಾನು ಮರಾಠಿಯಲ್ಲಿ ಗೊಂಬೆ ಕುಣಿಸಿದೆ, ಬೆಕ್ಕಾದೆ, ಕೋಳಿಯಾದೆ. ಅವಳು ಮರ್ಯಾದೆಯಿಂದ ನೋಡಿದಳು, ಅಷ್ಟೇ. ಹೀಗೆ ನಾಲ್ಕು ವಾರ. ನಿಜ ಹೇಳಲೇ? ನನಗೆ ಆ ಅರ್ಧ ತಾಸು ಹಿಡಿಸತೊಡಗಿತ್ತು. ಒಬ್ಬಳೇ ಸುಮ್ಮನಿರುವುದಕ್ಕಿಂತ ಇಬ್ಬರು ಕೂತು ಸುಮ್ಮನಿರುವುದು ಹಗುರ.

ಒಂದು ದಿನ ಬಿಸಿ ಚಹಾ ಕೈಮೇಲೆ ಚೆಲ್ಲಿತು. “ಅಯ್ಯವ್ವಾ, ಸುಟ್ಟಿತಲ್ಲಾ!” ಎಂದು ಚೀರಿದೆ.

ಪದ್ಮಾ ಎದ್ದು ನಿಂತಳು. “ತಣ್ಣೀರಾಗ ಕೈ ಇಡ್ರಿ,” ಅಂದಳು. ಹತ್ತಿರ ಬಂದು, “ನಿಮಗ ನಮ್ಮ ಮಾತು ಬರ್ತೈತೇನ್ರೀ?”

“ಬರ್ತೈತವಾ. ಇಲ್ಲಿ ಆಡಾಕ ಯಾರೂ ಇರ್ಲಿಲ್ಲ.”

“ನನಗೂ ಯಾರೂ ಇರ್ಲಿಲ್ರಿ.”

ಕೈಯ ಉರಿ ಮರೆತೇ ಹೋಯಿತು. ಮರುದಿನ ಅವಳ ತಾಯಿಯನ್ನು ಕರೆಸಿದೆ. ಮಗ್ಗದ ಸದ್ದಿನಲ್ಲಿ ದುಡಿಯುವ ಹೆಂಗಸು, ದನಿ ದೊಡ್ಡದು. “ಮನ್ಯಾಗ ಒಂದs ಸವನ ಕನ್ನಡ ಮಾತಾಡ್ತಾಳ್ರೀ! ಮರಾಠಿ ಸಾಳಿ ಅಂತ ಕಾಗದದಾಗ ಮರಾಠಿ ಬರಸಿದ್ವಿ. ಸಾಳಿಗೆ ಬಂದ ಮೊದಲನೇ ದಿನ ಆಕಿ ಮರಾಠಿ ಕೇಳಿ ಎಲ್ಲಾರೂ ನಕ್ಕರಂತ,” ಎಂದರು.

ಮೊದಲು ನಾವಿಬ್ಬರೇ ಕನ್ನಡದಲ್ಲಿ ಹರಟಿದೆವು. ಆಮೇಲೆ ಅವಳ ಪಕ್ಕ ಕೂರುವ ಹುಡುಗಿಯನ್ನೂ ಖೋಲಿಗೆ ಕರೆದೆ. ಆಟದ ಭರದಲ್ಲಿ ಮರಾಠಿ ತಾನಾಗಿ ಬಂತು. ದೀಪಾವಳಿ ಹೊತ್ತಿಗೆ ವರ್ಗದಲ್ಲಿ ಕೈಯೆತ್ತಿ ಉತ್ತರ ಹೇಳಿದಳು. ಬೇರೆ ಶಾಲೆಯ ಮಾತು ನಿಂತಿತು, ಅವಳು ನನ್ನ ಬಳಿ ಬರುವುದೂ ನಿಂತಿತು. ನಮ್ಮ ಕಸುಬೇ ಹಾಗೆ. ಮಗುವಿಗೆ ಮಾತು ಬಂತೆಂದರೆ, ಆಡಲು ಅದು ಬೇರೆಯವರ ಬಳಿ ಹೋಗುತ್ತದೆ.

ಮೊನ್ನೆ ಶಾಲೆಯ ಪಡಸಾಲೆಯಲ್ಲಿ ಹೊಸ ಗೆಳತಿಯ ಕೈಹಿಡಿದು ಎದುರಾದಳು. ಇವರು ಯಾರೆಂದು ಗೆಳತಿ ಕೇಳಿದ್ದಕ್ಕೆ ಸ್ವಚ್ಛ ಮರಾಠಿಯಲ್ಲಿ ಹೇಳಿದಳು: “ಪಾಪ, ಈ ಬಾಯಿ ಜೊತೆ ಮಾತಾಡೋಕೆ ಯಾರೂ ಇರಲಿಲ್ಲ. ಅದಕ್ಕೇ ನನ್ನನ್ನ ಕಳಿಸ್ತಿದ್ರು.”

ನಿಂತು ಪೂರ್ತಿ ಕೇಳಿದೆ. ತಿದ್ದುವಂಥದ್ದೇನೂ ಇರಲಿಲ್ಲ.